ಹೊಳಪು ಬಂದ ಹದಿನಾಲ್ಕು ಡಿವಿಡಿ

ಪೀಣ್ಯದಲ್ಲಿ ನಾನು ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದಾಗ ರಾಮಣ್ಣ ಅನ್ನುವವರು ಫೋನ್ ಮಾಡಿದರು. ಸ್ಟೀಲ್ ಪಾತ್ರೆಗಳಿಗೆ ಹೊಳಪು ಕೊಡುವ ಬಫಿಂಗ್ ಶೆಡ್ ಅವರದು. ತೀರಿಹೋದ ಹೆಂಡತಿಯ ವಿಡಿಯೊ ಇರುವ ಹದಿನಾಲ್ಕು ಡಿವಿಡಿಗಳನ್ನು ಹಾರ್ಡ್‌ಡಿಸ್ಕಿಗೆ ಹಾಕಿಸಬೇಕಿತ್ತು. “ಗೀರು ಬಿದ್ದಿದ್ರೆ ಕಾಪಿ ಆಗೋದು ಕಷ್ಟ” ಅಂದುಬಿಟ್ಟೆ. ಹಾಳು ಬಾಯಿ ನನ್ನದು.

ಎರಡು ದಿನ ಬಿಟ್ಟು ಶೆಡ್ಡಿಗೆ ಹೋದೆ. ಮೊದಲನೇ ಡಿವಿಡಿ ಗರಗರ ಅಂದು ನಿಂತುಹೋಯಿತು. ತೆಗೆದು ನೋಡಿದರೆ ಕನ್ನಡಿಯ ಹಾಗೆ ಹೊಳೆಯುತ್ತಿದೆ, ಆದರೆ ಕಾವಿಗೆ ಹಪ್ಪಳದಂತೆ ಸೊಟ್ಟಗಾಗಿದೆ.

“ಏನು ಮಾಡಿದ್ರಿ ರಾಮಣ್ಣ ಇದಕ್ಕೆ?”

“ಗೀರಿರಬಾರ್ದು ಅಂದ್ರಲ್ಲ ಸಾರ್, ಬಫಿಂಗ್ ಮೆಷಿನ್ನಿಗೆ ಹಿಡಿದೆ. ಬೇರೆ ಯಾರ ಕೈಗೂ ಕೊಡ್ಲಿಲ್ಲ, ನಾನೇ ಮಾಡಿದೆ.”

“ಒಂದನ್ನಾದ್ರೂ ಹಂಗೇ ಬಿಟ್ಟಿದ್ದೀರಾ?”

“ಅರ್ಧಂಬರ್ಧ ಕೆಲ್ಸ ನಾನು ಮಾಡಲ್ಲ ಸಾರ್.”

ಹದಿನಾಲ್ಕನ್ನೂ ಹಾಕಿ ನೋಡಿದೆ. ಒಂದೂ ಓಡಲಿಲ್ಲ. ವಿಷಯ ಹೇಳಿದಾಗ ಅವರು ಕೊನೆಯ ಡಿವಿಡಿಯನ್ನು ಅಂಗಿಯ ತುದಿಯಿಂದ ಇನ್ನೊಮ್ಮೆ ಒರೆಸಿದರು.

“ಮೊನ್ನೆವರೆಗೂ ತಡೆದು ತಡೆದು ಓಡ್ತಿತ್ತು ಸಾರ್. ಮುಖ ಚೆನ್ನಾಗೇ ಕಾಣ್ತಿತ್ತು.”

ಈಗ ಯಾರೇ ಫೋನ್ ಮಾಡಿದರೂ “ಹೆಂಗಿದೆಯೋ ಹಂಗೇ ತನ್ನಿ” ಅನ್ನುತ್ತೇನೆ. ನನಗೆ ಇಷ್ಟು ಬುದ್ಧಿ ಬರಲು ರಾಮಣ್ಣನ ಹೆಂಡತಿ ಎರಡನೇ ಸಲ ಸಾಯಬೇಕಾಯಿತು.