ಲಾರಿ ಮಾತು

ನಮ್ಮ ದೊಡ್ಡಮ್ಮನನ್ನು ಬೀದಿಯವರೆಲ್ಲ ‘ಮೈಕ್’ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಬೆನ್ನ ಹಿಂದೆ ಕರೆದರೆ ಆ ಬೀದಿಯಲ್ಲಿ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ.

ಬೀದಿಗೂ ಸಮುದ್ರಕ್ಕೂ ನಡುವೆ ಮೇಲ್ರಸ್ತೆ ಇತ್ತು. ದಪ್ಪ ಕಂಬಗಳ ಮೇಲೆ ಉದ್ದಕ್ಕೆ ಮಲಗಿದ್ದ ಕಾಂಕ್ರೀಟಿನ ಹೆದ್ದಾರಿ. ಬಂದರಿನಿಂದ ಹೊರಟ ಲಾರಿಗಳೆಲ್ಲ ಅದನ್ನೇ ಹತ್ತಿ ಊರು ದಾಟಬೇಕು. ದೊಡ್ಡಮ್ಮನ ಮನೆ ಎರಡನೇ ಮಹಡಿ, ರಸ್ತೆಯೂ ಸರಿಯಾಗಿ ಎರಡನೇ ಮಹಡಿ. ಕಿಟಕಿ ತೆರೆದರೆ ಸಮುದ್ರದ ಬದಲು ಲಾರಿ ಡ್ರೈವರ್ ಕಾಣುತ್ತಿದ್ದ. ದಿನಾ ಓಡಾಡುವವರು ಕೈ ಬೀಸುತ್ತಿದ್ದರು. ಹೀಗೆ ದಾರಿಯುದ್ದಕ್ಕೂ ‘ಹಾಯ್’ ಅನ್ನುವುದರಿಂದಲೇ ಅದಕ್ಕೆ ಹೈವೇ ಎಂದು ಹೆಸರು ಬಂದಿರಬೇಕೆಂದು ಚಿಕ್ಕಂದಿನಲ್ಲಿ ನಂಬಿದ್ದೆ. ಕಾನ್ವೆಂಟಿನ ಸಿಸ್ಟರ್ ಹತ್ತಿರ ಹಾಗೇ ಹೇಳಿ ಬೆಂಚಿನ ಮೇಲೂ ನಿಂತಿದ್ದೆ. ಹೈ ಆಗಿದ್ದದ್ದು ಅಂದು ನಾನೊಬ್ಬನೇ.

ದೊಡ್ಡಮ್ಮನದು ಹೊಲಿಗೆ ಕೆಲಸ. ಕೋಟು, ಶರ್ಟು, ಬಂದರಿನ ಕೆಲಸಗಾರರ ಸಮವಸ್ತ್ರ. ಮನೆಯೇ ಅಂಗಡಿ. ಮುಂದಿನ ಕೋಣೆಯ ಕಿಟಕಿಗೆ ಒತ್ತಿಕೊಂಡು ಮಿಷನ್ನು, ಅದರ ಎದುರಿಗೆ ಒಂದು ಗಿಡ್ಡ ಸ್ಟೂಲು. ಆ ಸ್ಟೂಲು ಕಾಜಕ್ಕನದು. ಎದುರು ಬಾಗಿಲಿನ ಮನೆಯ ಈ ಹೆಂಗಸು ಕಾಜಾ ಹೊಲಿಯುವುದರಲ್ಲಿ ನಿಪುಣೆ, ಹೆಸರೂ ಅದರಿಂದಲೇ ಬಂದದ್ದು. ಗುಂಡಿ ತೂರುವ ಸೀಳಿಗೆ ಅಂಚು ಕಟ್ಟುವ ಕೆಲಸಕ್ಕೆ ಈಗ ಮಿಷನ್ನು ಬಂದಿದ್ದರೂ, ‘ಕೋಟಿಗೆ ಕೈ ಕಾಜಾನೇ ಆಗ್ಬೇಕು’ ಎಂಬುದು ದೊಡ್ಡಮ್ಮನ ಹಟ. ದೊಡ್ಡಮ್ಮ ಮದುವೆಯಾಗಿ ಆ ಮನೆಗೆ ಬಂದ ವರ್ಷದಿಂದ ಇಬ್ಬರೂ ಎದುರುಬದುರು ಕೂತವರು. ಮೇಲ್ರಸ್ತೆಯ ತುಂಬ ಗುಂಡಿ, ದೊಡ್ಡಮ್ಮನ ಮನೆಯ ತುಂಬ ಗುಂಡಿ. ರಸ್ತೆಯ ಗುಂಡಿಗೆ ಬಿದ್ದ ಲಾರಿಯ ಸದ್ದಿಗೆ ಮನೆಯ ಗುಂಡಿಗಳು ಡಬ್ಬಿಯೊಳಗೆ ಕುಣಿಯುತ್ತಿದ್ದವು.

ಅಂಥ ಸದ್ದಿನಲ್ಲಿ ಬಾಳುವವರಿಗೆ ತಮ್ಮದೇ ರೀತಿನೀತಿ ಬೆಳೆದಿರುತ್ತದೆ. ಕತ್ತರಿ ಬೇಕಾದರೆ ಎರಡು ಬೆರಳು ಎತ್ತುವುದು, ದಾರಕ್ಕೆ ಕಿರುಬೆರಳು. ಮಾತನ್ನು ಲಾರಿ ಬರುವ ಹೊತ್ತಿಗೆ ನಿಲ್ಲಿಸಿ, ಹೋದ ಮೇಲೆ ನಿಲ್ಲಿಸಿದ ಅಕ್ಷರದಿಂದಲೇ ಮುಂದುವರಿಸುವುದು. ಎಲ್ಲರಿಗೂ ಅಷ್ಟಿಷ್ಟು ತುಟಿ ಓದಲು ಬರುತ್ತಿತ್ತು. ಇದೆಲ್ಲಕ್ಕಿಂತ ದೊಡ್ಡದು ಲಾರಿ ಮಾತು.

ಲಾರಿ ಮಾತು ಎಂದರೆ ಎದುರಿಗಿರುವವರಿಗೆ ಹೇಳಲಾಗದ್ದನ್ನು, ಲಾರಿ ಗುಡುಗುತ್ತ ಹೋಗುವಾಗ, ಎದುರಿಗೇ, ಗಟ್ಟಿಯಾಗಿ ಹೇಳಿಬಿಡುವುದು. ಸೊಸೆ ಅತ್ತೆಗೆ ಅನ್ನ ಬಡಿಸುತ್ತ ಹೇಳುತ್ತಿದ್ದಳು, ಗಂಡ ಹೆಂಡತಿಗೆ ಹೇಳುತ್ತಿದ್ದ, ಬಾಡಿಗೆಯವರು ಮಾಲೀಕರಿಗೆ ನಗುನಗುತ್ತಲೇ ಹೇಳುತ್ತಿದ್ದರು. ಹೇಳಿಸಿಕೊಳ್ಳುವವರು ಮರ್ಯಾದೆಗೆ ಆ ಕ್ಷಣ ಮುಖ ಬೇರೆ ಕಡೆ ತಿರುಗಿಸಬೇಕು. ತುಟಿ ನೋಡಬಾರದು. ಲಾರಿ ಹೋಗುತ್ತದೆ, ಎದೆ ಹಗುರಾಗುತ್ತದೆ, ಸಾರಿಗೆ ಉಪ್ಪು ಸಾಕಾ ಅಂತ ಮಾತು ಮುಂದುವರಿಯುತ್ತದೆ. ನಮ್ಮ ದೊಡ್ಡಪ್ಪನಂತೂ ಮಾತು ಕಮ್ಮಿಯ ಮನುಷ್ಯ. ಆದರೆ ದೊಡ್ಡ ಕಂಟೇನರ್ ಬಂದಾಗ ಅವರ ತುಟಿ ಬಹಳ ಹೊತ್ತು ಆಡುತ್ತಿತ್ತು. ಅವರ ದಾಂಪತ್ಯ ಸುಖವಾಗಿತ್ತು.

ಸುರಂಗದ ಸುದ್ದಿ ಬಂದಾಗ ಬೀದಿಯವರು ಕುಣಿದಾಡಿದರು. ಮೇಲ್ರಸ್ತೆ ಕೆಡವಿ, ಲಾರಿಗಳನ್ನೆಲ್ಲ ನೆಲದಡಿಗೆ ಇಳಿಸಿ, ಮೇಲೆ ಪಾರ್ಕು ಮಾಡುತ್ತಾರಂತೆ. ಸಭೆಯಲ್ಲಿ ಎಂಜಿನಿಯರು ಮರಗಳ ಚಿತ್ರ ತೋರಿಸಿದರು. ಖರ್ಚು ಜಾಸ್ತಿ, ಯೋಚನೆ ಮಾಡೋಣ ಎಂದು ಯಾರೋ ಕೊಸರಾಡಿದಾಗ ದೊಡ್ಡಮ್ಮ ಎದ್ದು ನಿಂತಳು.

“ಮೈಕ್ ಕೊಡ್ಲಾ ಅಮ್ಮಾ?” ಎಂದರು ಎಂಜಿನಿಯರು.

“ನೀವು ಇಟ್ಕೊಳಿ, ನಿಮಗೇ ಬೇಕಾಗುತ್ತೆ” ಎಂದಳು ದೊಡ್ಡಮ್ಮ. “ನಾನು ಗಂಡನ ಹತ್ರ ಒಂದು ಸಲನೂ ಮೆಲ್ಲಗೆ ಮಾತಾಡಿಲ್ಲ ಸ್ವಾಮಿ. ಬೈದ್ರೂ ಕೂಗು, ಮುದ್ದು ಮಾಡಿದ್ರೂ ಕೂಗು. ನಮ್ಮ ಕಿವಿಗೂ ಒಂದು ದಿನ ರಜಾ ಕೊಡಿಸ್ರಪ್ಪ!”

ಚಪ್ಪಾಳೆ ಬಿತ್ತು. ದೊಡ್ಡಪ್ಪ ನೆಲ ನೋಡಿದರು. ಅಲ್ಲಿಂದ ಮುಂದೆ ಸುರಂಗದ ಪರ ಯಾವ ಸಭೆಯಿದ್ದರೂ ಬೀದಿಯ ದನಿ ದೊಡ್ಡಮ್ಮನದೇ. ಕಾಜಕ್ಕ ಮಾತ್ರ ಯಾವ ಸಭೆಗೂ ಹೋಗಲಿಲ್ಲ. ಒಂದು ದಿನ ನಾನಿದ್ದಾಗಲೇ ಕೇಳಿದಳು:

“ಆ ರಸ್ತೆ ಹೋದ್ರೆ ನಿನಗೆ ಕಷ್ಟ ಆಗಲ್ವೇನೇ?”

“ಏನು ಕಷ್ಟ? ನಿನ್ನ ಗೊರಕೆ ನನಗೆ ಕೇಳಿಸ್ಬಹುದು ಅಷ್ಟೇ.”

ಕಾಜಕ್ಕ ನಕ್ಕು ಸೂಜಿಗೆ ದಾರ ಪೋಣಿಸಲು ಹೋದಳು. ದಾರ ಸೂಜಿಯ ಪಕ್ಕದಲ್ಲಿ ಹೋಯಿತು. ಇನ್ನೊಂದು ಸಲ, ಅದೂ ಪಕ್ಕದಲ್ಲಿ. ದೊಡ್ಡಮ್ಮ ಸೂಜಿ ಕಸಿದುಕೊಂಡು ಪೋಣಿಸಿ ಕೊಟ್ಟಳು.

ಸುರಂಗ ತೆರೆದ ದಿನ ಲಾರಿಗಳೆಲ್ಲ ಪಾತಾಳ ಸೇರಿದವು. ಆದರೆ ಸದ್ದು ಹೋಗಲಿಲ್ಲ. ಮರುದಿನವೇ ಕಾಂಕ್ರೀಟ್ ಒಡೆಯುವ ಯಂತ್ರಗಳು ಬಂದು ಮೇಲ್ರಸ್ತೆಯನ್ನು ಕುಟ್ಟತೊಡಗಿದವು. ಸದ್ದಿನ ಜಾತಿ ಬದಲಾಯಿತಷ್ಟೆ. ಲಾರಿ ಮಾತು ನಿರಾತಂಕವಾಗಿ ಯಂತ್ರದ ಮಾತಾಗಿ ಮುಂದುವರಿಯಿತು. ಈ ಎರಡು ಸದ್ದಿಗೂ ಇದ್ದ ವ್ಯತ್ಯಾಸ ಯಾರಿಗೂ ಹೊಳೆಯಲಿಲ್ಲ. ಲಾರಿ ಬರುವುದು, ಹೋಗುವುದು ದೂರದಿಂದಲೇ ತಿಳಿಯುತ್ತದೆ. ಯಂತ್ರ ಹಾಗಲ್ಲ. ಅದನ್ನು ನಡೆಸುವವನಿಗೆ ಸಿಗರೇಟು ನೆನಪಾದರೆ ತಟ್ಟನೆ ನಿಂತುಬಿಡುತ್ತದೆ.

ಆ ಮಧ್ಯಾಹ್ನ ನಾನು ಪ್ಯಾಂಟಿನ ಸೊಂಟ ಬಿಡಿಸಲು ಹೋಗಿದ್ದೆ. (ನನ್ನ ಸೊಂಟವೂ ನಗರಾಭಿವೃದ್ಧಿಯಂತೆ ವರ್ಷಕ್ಕೊಮ್ಮೆ ವಿಸ್ತರಣೆ ಬೇಡುತ್ತದೆ.) ಕೆಳಗಿನ ಬೇಕರಿಯವನು ತನ್ನ ಹೊಸ ಕೋಟು ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ. ಮೆಟ್ಟಿಲ ಮೇಲೆ ಮೇಲಿನ ಮನೆಯ ಹೆಂಗಸರಿಬ್ಬರು. ಧೂಳು ಕಮ್ಮಿಯಿದ್ದದ್ದರಿಂದ ಇಡೀ ಬೀದಿಯ ಕಿಟಕಿಗಳು ತೆರೆದಿದ್ದವು. ಯಂತ್ರ ಕುಟ್ಟುತ್ತಿತ್ತು. ಕಾಜಕ್ಕ ಮುಗಿಸಿದ ಕೋಟನ್ನು ಎತ್ತಿ ತೋರಿಸಿ ‘ಸರಿಯಾ?’ ಎಂದು ಹುಬ್ಬೆತ್ತಿದಳು. ದೊಡ್ಡಮ್ಮ ಚೆಂದ ನಕ್ಕು, ತಲೆಯಾಡಿಸಿ, ಎಂದಿನಂತೆ ಗಂಟಲು ತೆರೆದಳು. ಯಂತ್ರ ನಿಂತಿತು.

“...ಒಂದು ಕಾಜಾನೂ ನೆಟ್ಟಗಿಲ್ಲ ಕಣೇ! ನೀನು ಹೋದ್ಮೇಲೆ ದಿನಾ ಎಲ್ಲಾನೂ ಬಿಚ್ಚಿ ನಾನೇ ಹೊಲೀಬೇಕು, ಸಾಕಾಗಿ ಹೋಯ್ತು ನಂಗೆ!”

ಆ ದನಿ ಸಮುದ್ರದವರೆಗೆ ಹೋಯಿತೇನೋ. ಬೀದಿಯಲ್ಲಿ ಒಂದು ಸೈಕಲ್ಲು ನಿಂತದ್ದು ನನಗೆ ಕೇಳಿಸಿತು. ದೊಡ್ಡಮ್ಮನ ಮುಖದ ಮೇಲೆ ಆ ನಗು ಹಾಗೇ ಉಳಿದಿತ್ತು, ತೆಗೆಯುವುದು ಹೇಗೆಂದು ಗೊತ್ತಾಗದೆ. ಅವಳ ಬಾಯಿಗೆ ಕಾಜಾ ಇತ್ತು, ಗುಂಡಿ ಇರಲಿಲ್ಲ ಎಂದು ಬೇರೆ ದಿನವಾಗಿದ್ದರೆ ನಾನೇ ನಗೆಯಾಡುತ್ತಿದ್ದೆ.

ಕಾಜಕ್ಕ ಕೋಟನ್ನು ನಿಧಾನವಾಗಿ ಮಡಿಚಿ ಮೇಜಿನ ಮೇಲಿಟ್ಟಳು. ಬೆರಳಿನ ಟೋಪಿ ತೆಗೆದಳು. ಬೇಕರಿಯವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಎದುರು ಬಾಗಿಲು ಮುಚ್ಚಿಕೊಂಡ ಸದ್ದು ಎಲ್ಲರಿಗೂ ಕೇಳಿಸಿತು. ಅಷ್ಟು ಸಣ್ಣ ಸದ್ದು ಆ ಮಹಡಿಯಲ್ಲಿ ಅದಕ್ಕೆ ಮುಂಚೆ ಯಾರಿಗೂ ಕೇಳಿಸಿರಲಿಲ್ಲ.

ನಾಳೆ ಬರುತ್ತಾಳೆ ಎಂದುಕೊಂಡಳು ದೊಡ್ಡಮ್ಮ. ಬರಲಿಲ್ಲ. ಬಂದವರು ಗಿರಾಕಿಗಳು. ಒಬ್ಬ ಹಳೆಯ ಶರ್ಟು ಹಿಡಿದು ಬಂದು ಕಣ್ಣು ಮಿಟುಕಿಸಿದ: “ಇದು ನಿಮ್ಮ ಕೈದಾ, ಅವರದ್ದಾ? ಮಧ್ಯದ್ದು ಯಾಕೋ ಸೊಟ್ಟ ನಗ್ತಾ ಇದೆ.”

“ನಿಮ್ಮ ಹೊಟ್ಟೆ ಎಳೀತಿದೆ, ಅದಕ್ಕೆ ಸೊಟ್ಟ. ನಡೀರಿ!” ಎಂದು ಗದರಿದಳು ದೊಡ್ಡಮ್ಮ. ಅದೂ ಎದುರು ಮನೆಗೆ ಕೇಳಿಸಿರಬೇಕು. ಬೇಕರಿಯವನು ಬ್ರೆಡ್ ಕೊಳ್ಳಲು ಬಂದ ಕಾಜಕ್ಕನ ಎದುರಿಗೇ ತಮಾಷೆಗೆ ಎಂಬಂತೆ ಕೋಟಿನ ಗುಂಡಿ ಬಿಚ್ಚಿ ಹಾಕಿ ಮಾಡಿದನಂತೆ. ಕಾಜಕ್ಕ ಮರುದಿನದಿಂದ ದೂರದ ಅಂಗಡಿಗೆ ಹೋಗತೊಡಗಿದಳು.

ಕ್ಷಮೆ ಕೇಳಬೇಕೆಂದು ದೊಡ್ಡಮ್ಮನಿಗೆ ಮೊದಲ ದಿನದಿಂದಲೇ ಇತ್ತು. ತೊಡಕು ಬೇರೆಯೇ. ಮೇಲ್ರಸ್ತೆಯ ಕೊನೆಯ ಕಂಬವೂ ಉರುಳಿ ಬೀದಿ ಈಗ ಪುಸ್ತಕದಂಗಡಿಯಷ್ಟು ನಿಶ್ಶಬ್ದ. ದೊಡ್ಡಮ್ಮನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಬಾಗಿಲಲ್ಲಿ ನಿಂತು ‘ತಪ್ಪಾಯ್ತು’ ಎಂದರೆ ಅದು ಮೂರೂ ಮಹಡಿಗೆ, ಬೇಕರಿಗೆ, ಸೈಕಲ್ಲಿನವರಿಗೆ ಕೇಳಿಸುತ್ತದೆ. ಒಮ್ಮೆ ಬೀದಿಗೆಲ್ಲ ಕೇಳುವಂತೆ ಅವಮಾನ ಮಾಡಿ, ಮತ್ತೊಮ್ಮೆ ಬೀದಿಗೆಲ್ಲ ಅದನ್ನೇ ನೆನಪಿಸಿದಂತೆ.

“ಲೋ, ನಿಮ್ಮ ಇಸ್ಕೂಲಲ್ಲಿ ಪಿಸುಮಾತು ಹೇಳಿಕೊಡ್ತಿದ್ರು ಅಂತಿದ್ದೆಯಲ್ಲ, ನಂಗೂ ಹೇಳಿಕೊಡೋ” ಎಂದು ಕೂಗಿದಳು.

ಕಾನ್ವೆಂಟಿನಲ್ಲಿ ನಾನು ಚೆನ್ನಾಗಿ ಕಲಿತದ್ದು ಅದೊಂದನ್ನೇ. ಗಂಟಲು ಬಿಟ್ಟು ಉಸಿರಲ್ಲಿ ಮಾತಾಡು ಎಂದೆ. ಅವಳು ಉಸಿರು ಬಿಟ್ಟಳು, ಮಾತು ಬರಲಿಲ್ಲ. ಮಾತು ಬಿಟ್ಟಳು, ಕಿಟಕಿಯ ಗಾಜು ನಡುಗಿತು. ಕೊನೆಗೆ ದಿಂಬಿಗೆ ಬಾಯಿಟ್ಟು ಅಭ್ಯಾಸ ಮಾಡಿದಳು. ಒಳಗಿನ ಕೋಣೆಯಿಂದ ದೊಡ್ಡಪ್ಪ ಇಣುಕಿ ನೋಡಿ, ಹೆಂಡತಿ ದಿಂಬಿನ ಹತ್ತಿರ ಕ್ಷಮೆ ಕೇಳುವುದನ್ನು ಕಂಡು, ನನ್ನ ಕಡೆ ಕೈ ಮುಗಿದು ವಾಪಸು ಹೋದರು. ಬಹಳ ಪಾಡುಪಟ್ಟ ಮೇಲೆ ಒಂದು ಬಗೆಯ ಪಿಸುಮಾತು ಹುಟ್ಟಿತು, ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ.

ಒಂದು ಬೆಳಿಗ್ಗೆ ಧೈರ್ಯ ಮಾಡಿ ಎದುರು ಬಾಗಿಲು ತಟ್ಟಿದಳು. ನಾನು ಮೆಟ್ಟಿಲಲ್ಲಿದ್ದೆ. ಕಾಜಕ್ಕ ಬಾಗಿಲು ತೆರೆದಳು. ದೊಡ್ಡಮ್ಮ ಅವಳ ಕಿವಿಯ ಹತ್ತಿರ ಬಾಗಿ ಹೇಳಿದಳು. ನನಗೆ ಕೇಳಿಸಲಿಲ್ಲ. ನನ್ನ ಶಿಷ್ಯೆ ಗೆದ್ದಳೆಂದು ಹೆಮ್ಮೆಪಟ್ಟೆ.

“ಏನಂದೆ?” ಎಂದಳು ಕಾಜಕ್ಕ.

ಅಷ್ಟು ವರ್ಷ ಆ ರಸ್ತೆಯ ಪಕ್ಕ ಬಾಳಿದ ಕಿವಿ. ಕೂಗಿದರೆ ಕೇಳುತ್ತಿತ್ತು, ಪಿಸುಮಾತು ಅದರ ಲೆಕ್ಕಕ್ಕೇ ಇರಲಿಲ್ಲ. ದೊಡ್ಡಮ್ಮ ಮತ್ತೆ ಹೇಳಿದಳು.

“ಜೋರಾಗಿ ಹೇಳೇ, ಕೇಳ್ತಾ ಇಲ್ಲ.”

ಮೇಲಿನ ಮಹಡಿಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ದೊಡ್ಡಮ್ಮ ನನ್ನ ಕಡೆ ನೋಡಿದಳು. ನನ್ನ ಬಳಿ ಬೇರೆ ಪಾಠ ಇರಲಿಲ್ಲ. ಕೊನೆಗೆ ತನ್ನ ದನಿಯಲ್ಲೇ, ಇಡೀ ಕಟ್ಟಡಕ್ಕೆ ಕೇಳುವಂತೆ ಹೇಳಿಬಿಟ್ಟಳು: “ತಪ್ಪಾಯ್ತು ಕಣೇ. ಬಾರೇ. ನೀನು ಹೇಗೆ ಹೊಲಿದ್ರೂ ಸರಿ, ಬಂದು ಕೂತ್ಕೋ ಸಾಕು.”

ಕಾಜಕ್ಕ ಬಾಗಿಲ ಚಿಲಕ ಬಿಡಲಿಲ್ಲ.

“ನನಗೆ ಮುಂಚೆಯಿಂದ ಗೊತ್ತಿತ್ತು ಕಣೇ. ಲಾರಿ ಬಂದಾಗ ಮುಖ ತಿರುಗಿಸ್ಬೇಕು ಅಂತಾರೆ, ನಾನು ಯಾವತ್ತೂ ತಿರುಗಿಸ್ಲಿಲ್ಲ. ನಿನ್ನ ತುಟಿ ನೋಡ್ತಾನೇ ಇದ್ದೆ. ಕಣ್ಣು ಮಂಜಾಗಿದೆ ನಿಜ. ಅಷ್ಟು ದೊಡ್ಡ ಬಾಯಿ ಕಾಣದೇ ಇರೋಷ್ಟು ಆಗಿಲ್ಲ.”

“ಗೊತ್ತಿದ್ದೂ ಬರ್ತಿದ್ದೆಯಾ?”

“ಬರ್ತಿದ್ದೆ. ಬೈಕೊಂಡಾದ್ರೂ ಬಿಚ್ಚಿ ಹೊಲೀತಾಳಲ್ಲ ನನಗೋಸ್ಕರ, ಅಂತ ಬರ್ತಿದ್ದೆ. ಆಗ ನಿನಗೂ ನನಗೂ ಗೊತ್ತಿತ್ತು ಅಷ್ಟೇ, ಕೆಲಸಕ್ಕೆ ಹೋಗ್ತೀನಿ ಅಂತ ತಲೆ ಎತ್ಕೊಂಡು ಬರ್ತಿದ್ದೆ. ಈಗ ಬೀದಿಗೆಲ್ಲ ಗೊತ್ತು. ಈಗ ಬಂದು ಆ ಸ್ಟೂಲ್ ಮೇಲೆ ಕೂತ್ರೆ, ಪಾಪ ಮುದುಕಿ, ಇಟ್ಕೊಂಡಿದಾಳೆ ಅಂತಾರೆ.”

“ಅಂದ್ಕೊಳ್ಲಿ ಬಿಡೇ!”

“ನೀನು ಬಿಡ್ಬಹುದು” ಎಂದಳು ಕಾಜಕ್ಕ. “ಕಾಜಾ ಅನ್ನೋದು ನನ್ನ ಹೆಸರು ಕಣೇ.”

ಒಂದು ಲಾರಿ ಬಂದಿದ್ದರೆ ದೊಡ್ಡಮ್ಮ ಏನಾದರೂ ಹೇಳುತ್ತಿದ್ದಳೇನೋ. ಲಾರಿಗಳೆಲ್ಲ ನಮ್ಮ ಕಾಲ ಕೆಳಗೆ, ಎಲ್ಲೋ ಆಳದಲ್ಲಿ, ಯಾರ ಉಪಯೋಗಕ್ಕೂ ಬಾರದೆ ಓಡುತ್ತಿದ್ದವು.

ಈಗ ದೊಡ್ಡಮ್ಮನ ಕೋಟುಗಳಿಗೆ ಮಿಷನ್ ಕಾಜಾ. ಎರಡು ಬೀದಿಯಾಚೆಯ ಅಂಗಡಿಗೆ ತಾನೇ ಹೊತ್ತುಕೊಂಡು ಹೋಗಿ ಹಾಕಿಸಿ ತರುತ್ತಾಳೆ. ನೆಟ್ಟಗೆ, ಒಂದೇ ಅಳತೆಗೆ ಇರುತ್ತವೆ. ಸಂಜೆ ಬಿಚ್ಚಿ ಹೊಲಿಯುವ ಕೆಲಸವಿಲ್ಲ. ಹೊತ್ತು ಹೋಗುವುದಿಲ್ಲ ಎನ್ನುತ್ತಾಳೆ. ಕಿಟಕಿಯಿಂದ ಸಮುದ್ರ ಕಾಣುತ್ತದೆ. ಮನೆಗೆ ಬಂದವರೆಲ್ಲ ಆಹಾ ಅನ್ನುತ್ತಾರೆ. ಅವಳು ಮಿಷನ್ನನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದಾಳೆ.

ಮೊನ್ನೆ ನಾನು ಮನೆಗೆ ಹೋದಾಗ, ಪಾರ್ಕಿನಲ್ಲಿ ಕಾಜಕ್ಕ ಸಿಕ್ಕಿದ್ದಳು, ಒಂದೇ ಬೆಂಚಿನಲ್ಲಿ ಕೂತಿದ್ದೆವು ಎಂದಳು ದೊಡ್ಡಮ್ಮ. ನಾನು ಉತ್ಸಾಹದಿಂದ ಏನು ಮಾತಾಡಿದಿರಿ ಎಂದು ಕೇಳಿದೆ.

“ಏನಿದೆ ಮಾತಾಡೋಕೆ? ಪಕ್ಕದ ಬೆಂಚಲ್ಲಿ ಜನ ಇದ್ರು” ಎಂದಳು. “ಗಾಳಿ ತಣ್ಣಗಿದೆ ಅಂದ್ಲು. ಹೌದು ಅಂದೆ. ಆಮೇಲೆ ಎದ್ದು ಹೋದ್ಲು.”

ಇದನ್ನು ಅವಳು ಎಷ್ಟು ಮೆಲ್ಲಗೆ ಹೇಳಿದಳೆಂದರೆ, ನಾನು ಎರಡು ಸಲ ಕೇಳಬೇಕಾಯಿತು.