ಗಾಜಿನಲ್ಲಿ ಮೂಡಿದ ರೆಕ್ಕೆ

ದೊಡ್ಡ ಕಟ್ಟಡಗಳ ಥಳಥಳಿಸುವ ಗಾಜಿನ ಮೇಲೆ ಬಿಳಿ ಗೆರೆ ಎಳೆಯುವುದು ಅವನ ಈಗಿನ ಕೆಲಸ. ಹಕ್ಕಿಗಳನ್ನು ಉಳಿಸಲು ಓಡಾಡುವ ಒಂದು ಸಂಘದವರು ಕರೆದಲ್ಲಿಗೆ ಏಣಿ ಹೊತ್ತು ಹೋಗುತ್ತಾನೆ. ಕಾಡು ಕಂಡವನಲ್ಲ, ಹಕ್ಕಿಗಳ ಹೆಸರು ಕೇಳಿದರೆ ಈಗಲೂ ತಬ್ಬಿಬ್ಬಾಗುತ್ತಾನೆ. ಅಂಥವನು ಈ ದಾರಿ ಹಿಡಿದದ್ದು ಹೇಗೆ ಅಂತೀರಾ? ಪುಣ್ಯ ಕಟ್ಟಿಕೊಳ್ಳಲು ಹೊರಟವನಲ್ಲ ಬಿಡಿ, ಹೆದರಿ ಹಿಡಿದ ದಾರಿ ಅದು.

ಆಗ ಅವನು ಒಂದು ಆಸ್ಪತ್ರೆಯಲ್ಲಿ ಗಾಜು ಒರೆಸುತ್ತಿದ್ದ. ಹಳೇ ಕಟ್ಟಡಕ್ಕೂ ಹೊಸ ಕಟ್ಟಡಕ್ಕೂ ನಡುವೆ ಜನ ಓಡಾಡಲು ಸೂರು ಹೊದಿಸಿದ ಒಂದು ಓಣಿ. ಅದರ ಎರಡೂ ಬದಿಗೆ ನೆಲದಿಂದ ಸೂರಿನವರೆಗೆ ಬರೀ ಗಾಜು, ಆಚೆ ಈಚೆ ಮರಗಳು. ಕೆಲಸ ಕೊಡಿಸಿದ್ದು ಹೆಂಡತಿಯ ಅಣ್ಣ, ಅಲ್ಲಿಯ ಮೇಸ್ತ್ರಿ. ಗಾಜು ಇದೆಯೋ ಇಲ್ಲವೋ ಗೊತ್ತಾಗಬಾರದು, ಇದು ಭಾವನ ಕಟ್ಟಪ್ಪಣೆ. ಇವನ ಕೈಯೂ ಹಾಗೇ ಇತ್ತು. ಒಮ್ಮೆ ಡಾಕ್ಟರೊಬ್ಬರು ಸೀದಾ ಬಂದು ಗಾಜಿಗೆ ಹಣೆ ಚಚ್ಚಿಕೊಂಡಾಗ ಭಾವ ಬೈಯಲಿಲ್ಲ, ಕಂಡಕಂಡವರಿಗೆಲ್ಲ ಹೇಳಿಕೊಂಡು ಮೆರೆದರು. ಇವನೂ ಹಿಗ್ಗಿ ಹೀರೇಕಾಯಿಯಾದ.

ಆದರೆ ಬೆಳಿಗ್ಗೆ ಬಂದರೆ ಗಾಜಿನ ಮೇಲೊಂದು ಗುರುತು. ಬೂದಿ ಊದಿ ಬರೆದಂಥ ಹಕ್ಕಿ. ಚಾಚಿದ ಎರಡು ರೆಕ್ಕೆ, ಬಿಡಿಬಿಡಿಯಾಗಿ ಕಾಣುವ ಗರಿಗಳು, ಪಕ್ಕಕ್ಕೆ ತಿರುಗಿದ ಕೊಕ್ಕು, ಒಂದು ದುಂಡು ಕಣ್ಣು. ಹಕ್ಕಿ ಮಾತ್ರ ಎಲ್ಲೂ ಇಲ್ಲ. ನೆಲದಲ್ಲಿ ಒಂದು ಪುಕ್ಕವೂ ಇಲ್ಲ. ಒರೆಸಿದರೆ ಹೋಗುತ್ತಿತ್ತು, ಮರುದಿನ ಇನ್ನೊಂದು ಕಡೆ ಮೂಡುತ್ತಿತ್ತು. ಹೆಂಡತಿಗೆ ಹೇಳಿದ. ಸತ್ತವರು ನಿಮ್ಮ ಕೈಚಳಕ ನೋಡೋಕೆ ಬರ್ತಾರೇನೋ ಎಂದು ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ. ಆ ಕಣ್ಣಿನ ಮೇಲೆ ಬಟ್ಟೆ ಆಡಿಸುವಾಗ ಮೈ ಜುಂ ಎನ್ನುತ್ತಿತ್ತು. ಮುಖ ಆಚೆ ತಿರುಗಿಸಿಕೊಂಡು ಒರೆಸುತ್ತಿದ್ದ.

ಒಂದು ದಿನ ಹೊತ್ತಿಗೆ ಮುಂಚೆ ಬಂದ. ತೋಟ ಗುಡಿಸುವಾಕೆ, ಎಲ್ಲರಿಗೂ ಅಕ್ಕ, ಗಾಜಿನ ಬುಡದಿಂದ ಏನನ್ನೋ ಹೆಕ್ಕಿ ಚೀಲಕ್ಕೆ ಹಾಕುತ್ತಿದ್ದಳು. ಇಣುಕಿದರೆ ಪಾರಿವಾಳಗಳು, ಕತ್ತು ಒಂದೊಂದು ಕಡೆಗೆ ವಾಲಿದವು. ರೋಗಿಗಳು ನೋಡಿದರೆ ಅಪಶಕುನ ಅಂತಾರೆ, ಜನ ಓಡಾಡುವ ಮೊದಲೇ ಎತ್ತಿಬಿಡು ಅಂತ ಮೇಸ್ತ್ರಿ ಹೇಳಿದ್ದಾರೆ ಎಂದಳು. ಅವನಿಗೆ ಹೋದ ಜೀವ ಬಂದಂತಾಯಿತು. ದೆವ್ವವಲ್ಲ ಸದ್ಯ, ಪಾಪದ ಹಕ್ಕಿಗಳು. ಅಷ್ಟರಲ್ಲಿ ಚೀಲ ಮಿಸುಕಿತು.

ಜೀವವಿದ್ದದ್ದನ್ನು ತೆಗೆದು, ಔಷಧಿ ಬಂದಿದ್ದ ರಟ್ಟಿನ ಡಬ್ಬಿಯಲ್ಲಿ ಮಲಗಿಸಿ, ಏಣಿ ಇಡುವ ಕೋಣೆಯ ಕತ್ತಲಲ್ಲಿಟ್ಟ. ಮಧ್ಯಾಹ್ನದವರೆಗೆ ಹೋಗಿ ಹೋಗಿ ಡಬ್ಬಿಗೆ ಕಿವಿಯಿಟ್ಟು ಕೇಳಿದ. ನಡುನಡುವೆ ಓಣಿಯ ಗಾಜನ್ನೆಲ್ಲ ಎಂದಿಗಿಂತ ಚೆನ್ನಾಗಿ ತಿಕ್ಕಿದ. ಕೊಳೆಯಿಂದ ದಾರಿ ಕಾಣದೆ ಬಡಿದುಕೊಂಡಿವೆ ಪಾಪ, ಎಂಬುದು ಅವನ ತಿಳಿವಳಿಕೆ. ಗಾಜು ಒರೆಸುವವನಿಗೆ ಇನ್ನೇನು ಹೊಳೆದೀತು ಹೇಳಿ?

ಆಮೇಲೆ ತೋಟಕ್ಕೆ ಬಂದು ಡಬ್ಬಿ ತೆರೆದ. ಪಾರಿವಾಳ ಅಂಗೈಯನ್ನು ಒದ್ದು ಹಾರಿತು, ಓಣಿಯಾಚೆಯ ಮರದತ್ತ ನೆಟ್ಟಗೆ, ನಡುವೆ ಏನೂ ಇಲ್ಲವೆಂಬಂತೆ. ಧಡ್ ಎಂದು ಸದ್ದಾಯಿತು. ಓಡಿಹೋಗಿ ನೋಡಿದರೆ ಗಾಜಿನಲ್ಲಿ ಗರಿಗಳ ಪುಡಿ ಮೆತ್ತಿ ರೆಕ್ಕೆ ಮೂಡಿತ್ತು, ಕಣ್ಣು ಮೂಡಿತ್ತು, ಅದರ ಹಿಂದೆ ಅವನ ಮುಖವೂ ಇತ್ತು. ಕೊಂದದ್ದು ಕೊಳೆಯಲ್ಲ, ತನ್ನ ಕೈ ಎಂದು ಅವನಿಗೆ ಆಗ ತಿಳಿಯಿತು. ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತುಬಿಟ್ಟ.

ಎದ್ದವನು, ಹಕ್ಕಿಗಳಿಗೆ ಗಾಜು ಕಾಣಲೆಂದು ಸೋಪಿನ ತುಂಡು ಹಿಡಿದು ಓಣಿಯ ಗಾಜಿಗೆಲ್ಲ ಹೊರಗಿನಿಂದ ನಾಲ್ಕು ಬೆರಳಿಗೊಂದರಂತೆ ಗೆರೆ ಎಳೆದ. ಮರುದಿನ ಬೆಳಿಗ್ಗೆ ಅಕ್ಕನ ಚೀಲ ಖಾಲಿ. ಭಾವ ಮಾತ್ರ ಕೆಂಡಾಮಂಡಲವಾದರು. ತಂಗಿಯ ಮುಖ ನೋಡಿ ಕೆಲಸ ಕೊಡಿಸಿದರೆ ನನ್ನ ಮಾನ ಹರಾಜು ಹಾಕ್ತೀಯಾ ಎಂದು ಎಲ್ಲರೆದುರು ಜಾಡಿಸಿದರು.

"ಈಗಲೇ ಅಳಿಸು. ಇಲ್ಲಾಂದ್ರೆ ನಾಳೆಯಿಂದ ಬರಬೇಡ."

"ನನ್ನ ಕೈಯಲ್ಲಿ ಆಗಲ್ಲ ಭಾವ."

ಭಾವ ಬಟ್ಟೆ ಕಿತ್ತುಕೊಂಡು ತಾವೇ ಏಣಿ ಹತ್ತಿದರು. ಗಾಜು ಮತ್ತೆ ಮಾಯವಾಯಿತು. ಮನೆಯಲ್ಲಿ ಹೆಂಡತಿ ಬೈಯಲಿಲ್ಲ, ಮುಂದೆ ಹೊಟ್ಟೆಗೇನು ಮಾಡೋಣ ಎಂದಷ್ಟೇ ಕೇಳಿದಳು.

ಬೆಳಿಗ್ಗೆ ಸಮವಸ್ತ್ರ ಮಡಚಿ ಹಿಡಿದು, ಹಿಂದಿರುಗಿಸಲು ಹೋದ. ಭಾವ ಓಣಿಯ ಹೊರಗೆ ಗಾಜಿನ ಮುಂದೆ ಒಬ್ಬರೇ ನಿಂತಿದ್ದರು. ಕೈಯಲ್ಲಿ ಬಟ್ಟೆ. ಎರಡೂ ರೆಕ್ಕೆಗಳನ್ನು ಒರೆಸಿಯಾಗಿತ್ತು, ಕೊಕ್ಕನ್ನೂ ಒರೆಸಿಯಾಗಿತ್ತು. ಕಣ್ಣೊಂದು ಉಳಿದಿತ್ತು, ಕೈ ಅಲ್ಲಿಗೆ ನಿಂತುಬಿಟ್ಟಿತ್ತು. ಇವನು ಬಂದದ್ದು ತಿಳಿದರೂ ಅವರು ತಿರುಗಲಿಲ್ಲ.

"ದಿನಾ ನಿನ್ನನ್ನೂ ಹೀಗೇ ನೋಡ್ತಿತ್ತೇನೋ?" ದನಿ ಸಣ್ಣಗಾಗಿತ್ತು.

"ಹೂಂ ಭಾವ. ನಾನು ಒರೆಸಿಬಿಡ್ತಿದ್ದೆ."