ಮಾವಶಿ ಎದ್ದ ನಿಮಿಷ

ಜನವರಿ ಹದಿನೆಂಟು, ಭಾನುವಾರ. ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಬರೆಯಲು ಕೂತಿದ್ದೇನೆ. ಈಗಷ್ಟೇ ಅವ್ವನಿಂದ ಬೈಸಿಕೊಂಡು ಬಂದೆ. ನೀರಿನ ಮೋಟಾರು ಬಂದ್ ಮಾಡು ಎಂದು ಕಳಿಸಿದರೆ, ಅದರ ಗುಂಯ್‌ಗುಡುವಿಕೆ ಕೇಳುತ್ತ ನಿಂತುಬಿಟ್ಟಿದ್ದೆ. ಟಾಕಿ ತುಂಬಿ ಮೆಟ್ಟಿಲ ಮೇಲೆಲ್ಲ ನೀರು.

ಹೀಗೆ ನಿಂತು ಕೇಳುವ ಚಟ ನನಗೆ ಹತ್ತಿದ್ದು ಅಭಯನಿಂದ. ಗಡಹಿಂಗ್ಲಜದ ನನ್ನ ಚಿಕ್ಕವ್ವನ ಮಗ. ಅಪ್ಪನ ಪೈಪಿನ ಅಂಗಡಿಯಲ್ಲಿ ಕೂರಬೇಕಾದವನು ಗುಬಟಿ, ಅಂದರೆ ಗುಂಡಿ, ತಿರುವಿದರೆ ಸದ್ದು ಹೊರಡಿಸುವ ಎರಡು ಕರೆಂಟಿನ ಪೆಟ್ಟಿಗೆ ಇಟ್ಟುಕೊಂಡು ಸಂಗೀತ ಮಾಡುತ್ತಾನೆ. ಸಂಗೀತ ಎಂದು ಅವನು ಹೇಳುತ್ತಾನೆ, ನಾನು ಬರೆದುಕೊಳ್ಳುತ್ತೇನೆ. ತಾಳವಿಲ್ಲ, ಹಾಡಿಲ್ಲ. ಒಂದು ತಗ್ಗಿನ ಸ್ವರ, ಅದರ ಕೆಳಗೆ ಕೂದಲೆಳೆಯಷ್ಟು ತಪ್ಪಿದ ಇನ್ನೊಂದು. ಎರಡೂ ಒಂದನ್ನೊಂದು ಉಜ್ಜಿದಂತೆ ಕೋಣೆಯ ಗಾಳಿಯೇ ಅಲುಗುತ್ತದೆ. ಆಮೇಲೆ ಮೇಲಿಂದ ಮರಳು ಸುರಿದ ಹಾಗೆ ಒಂದು ಗದ್ದಲ. ಹೀಗೆ ನಲವತ್ತೈದು ನಿಮಿಷ.

ಮಗ್ಗಗಳ ಊರಾದ ಇಚಲಕರಂಜಿಯಲ್ಲಿ ಹುಟ್ಟಿದ ನಮಗೆ ಗದ್ದಲ ಹೊಸದಲ್ಲ. "ಮಗ್ಗ ಬಡದರ ಅರಬಿನರ ಬರತೈತಿ. ಇದರಾಗಿಂದ ಏನ ಬರತೈತೋ?" ಎಂದು ಅವ್ವ ಅಭಯನನ್ನು ಕೇಳಿದಳು.

ಕಳೆದ ಮಳೆಗಾಲದಲ್ಲಿ ಅವನು ನಮ್ಮ ಮನೆಯ ಪಡಸಾಲೆಯಲ್ಲಿ ಪೆಟ್ಟಿಗೆ ಹೂಡಿದ. ಹೊಸದಾಗಿ ಕಟ್ಟಿದ್ದನ್ನು ನಮಗೆ ಕೇಳಿಸಬೇಕಿತ್ತು. ತನ್ನ ಅಪ್ಪನಿಗೆ ಮಾತು ಕೊಟ್ಟು ಬಂದಿದ್ದ: ಕೊಲ್ಹಾಪುರದಲ್ಲಿ ಒಂದು ಕಾರ್ಯಕ್ರಮ ಮಾಡುತ್ತೇನೆ, ಬಂದವರಲ್ಲಿ ಒಬ್ಬರಾದರೂ ಕೊನೆಯವರೆಗೆ ಕೂತರೆ ಇದನ್ನು ಮುಂದುವರಿಸುತ್ತೇನೆ, ಇಲ್ಲವಾದರೆ ಪೆಟ್ಟಿಗೆ ಮಾರಿ ಅಂಗಡಿಗೆ ಬರುತ್ತೇನೆ. ನಮ್ಮ ಮನೆಯದು ಅದರ ತಾಲೀಮು. ಅವ್ವ ಒಂಬತ್ತನೇ ನಿಮಿಷಕ್ಕೆ ಎದ್ದು ಅಡುಗೆಮನೆಗೆ ಹೋದಳು. ನಾನೂ ಒಮ್ಮೆ ಚಹಾದ ನೆಪದಲ್ಲಿ ಎದ್ದೆ. ಕದಲದೆ ಕೂತವಳು ಒಬ್ಬಳೇ, ಪದ್ಮಾ ಮಾವಶಿ. ಅವ್ವನ ಅಕ್ಕ, ನಮ್ಮ ಮನೆಯಲ್ಲೇ ಇರುತ್ತಾಳೆ. ಮುಗಿದ ಮೇಲೆ ಅಭಯನ ಕಣ್ಣುಗಳು ಮಿಂಚುತ್ತಿದ್ದವು. "ನೋಡಿದೇನ? ಮಾವಶಿ ಪೂರಾ ಕೇಳಿದ್ಲು!"

"ಹುಚ್ಚಪ್ಪಾ, ಆಕಿ ಸಾಮಾಯಿಕಕ್ಕ ಕುಂತಾಳ. ಏಳಾಕ ಬರಂಗಿಲ್ಲ, ಮಾತಾಡಾಕ ಬರಂಗಿಲ್ಲ. ಪಾಪ, ಸಿಕ್ಕೊಂಡಿದ್ಲು!" ಅವ್ವ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಿಜ. ಮಾವಶಿ ದಿನಾ ಸಂಜೆ ಗೋಡೆಗೆ ಮುಖ ಮಾಡಿ ನಲವತ್ತೆಂಟು ನಿಮಿಷ ಸಾಮಾಯಿಕ ಹಿಡಿಯುತ್ತಾಳೆ. ಹಿತಕ್ಕೆ ಹಿಗ್ಗದೆ, ಅಹಿತಕ್ಕೆ ಕುಗ್ಗದೆ ಮನಸ್ಸನ್ನು ಸಮವಾಗಿ ಇಡುವ ಜೈನರ ಅಭ್ಯಾಸ ಅದು. ಹಾಲು ಉಕ್ಕಿದರೂ, ಬಾಗಿಲಲ್ಲಿ ಬೀಗರು ನಿಂತರೂ ಎದ್ದವಳಲ್ಲ. ಅಭಯನ ಮುಖ ಬಾಡಿತು. ಆದರೆ ಮಾವಶಿ ಎದ್ದು ಚಾಪೆ ಸುತ್ತುತ್ತ ಅಂದಳು: "ನಾಳೆನೂ ಹಚ್ಚೋ ತಮ್ಮಾ. ಸಪ್ಪಳಿಲ್ಲದಾಗ ಮನಸ್ಸ ಹಿಡಿಯೂದ್ರಾಗ ಏನ ದೊಡ್ಡಸ್ತಿಕಿ? ಇಂಥಾದ್ರಾಗ ಹಿಡದ್ರ ಖರೆ."

ಅದು ಹೊಗಳಿಕೆಯೋ ಅವಮಾನವೋ ಎಂದು ನಾವಿಬ್ಬರೂ ಬಹಳ ಹೊತ್ತು ಚರ್ಚಿಸಿದೆವು. ಮುನಿಗಳು ಬಿಸಿಲು, ಸೊಳ್ಳೆಗಳನ್ನು ಸಹಿಸುವ ಹಾಗೆ ಅವಳು ಇವನನ್ನು ಸಹಿಸಿದ್ದಳು. ಅಂತೂ ಅವನು ಮರುದಿನವೂ ನುಡಿಸಿದ, ಆಮೇಲೆ ಬಂದಾಗಲೆಲ್ಲ ನುಡಿಸಿದ. ಅವಳು ಕೂತಳು.

ಡಿಸೆಂಬರಿನಲ್ಲಿ ಕೊಲ್ಹಾಪುರದ ಕಾರ್ಯಕ್ರಮ. ಚಿತ್ರಕಲೆ ಕಲಿಸುವವರೊಬ್ಬರ ಹಿಂದಿನ ಕೋಣೆ, ಹತ್ತೊಂಬತ್ತು ಜನ. ಯಾರು ಎಷ್ಟನೇ ನಿಮಿಷಕ್ಕೆ ಎದ್ದರೆಂದು ಲೆಕ್ಕ ಬರೆಯುವ ನನ್ನನ್ನು ಬಿಟ್ಟು. ಮಾವಶಿ ಮುಂದಿನ ಸಾಲಿನಲ್ಲಿ ಚಪ್ಪಲಿ ಕಳಚಿಟ್ಟು, "ಇವತ್ತಿಂದು ಸಾಮಾಯಿಕ ಇಲ್ಲೇ" ಎಂದು ಕಣ್ಣು ಮುಚ್ಚಿದಳು. ಶುರುವಾಗಿ ಹತ್ತು ನಿಮಿಷವಾದಾಗ ಪಕ್ಕದ ಅಜ್ಜ ನನ್ನ ಕಡೆ ಬಾಗಿ, "ಕಾರ್ಯಕ್ರಮ ಕಧೀ ಸುರೂ ಹೋಣಾರ?" ಎಂದು ಮರಾಠಿಯಲ್ಲಿ, ಯಾವಾಗ ಶುರು ಎಂದು ಕೇಳಿದ. ಶುರುವಾಗಿದೆ ಎಂದೆ. ಅವನು ಎದ್ದು ಹೋದ. ಇಬ್ಬರು ಹುಡುಗಿಯರು ಹೋದರು. ಮೂವತ್ತನೇ ನಿಮಿಷಕ್ಕೆ ಕುರ್ಚಿಗಳೆಲ್ಲ ಖಾಲಿ, ಮಾವಶಿ ಒಬ್ಬಳೇ. ಅಭಯ ತಲೆ ಎತ್ತಿ ಅವಳನ್ನು ನೋಡಿದ. ಅವನಿಗೆ ಅವಳೊಬ್ಬಳು ಸಾಕಾಗಿತ್ತು.

ಮೂವತ್ತೇಳನೇ ನಿಮಿಷಕ್ಕೆ ಮಾವಶಿ ಎದ್ದಳು. ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ನಡೆದಳು.

ನಾನು ಹಿಂದೆಯೇ ಓಡಿದೆ. ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. "ತಲಿ ನೋಯಾಕತ್ತೈತೇನ ಮಾವಶಿ?"

"ಇಲ್ಲವಾ." ಮಾಡಬಾರದ್ದನ್ನು ಮಾಡಿದವಳಂತೆ ಹೇಳಿದಳು: "ಚಲೋ ಅನಸಾಕತ್ತು. ಭಾಳ ಚಲೋ. ಮುಗೀಬಾರದು ಅನಸ್ತು. ಸಾಮಾಯಿಕ ಅಲ್ಲೇ ಮುರೀತು, ಅದಕ್ಕ ಎದ್ದೆ."

ಒಳಗೆ ಅಭಯ ವೈರು ಸುತ್ತುತ್ತಿದ್ದ. "ಆತು ಬಿಡು. ಪೈಪ್ ಮಾರಾಕ ಹೋಗೂಣು. ಮಾವಶಿನೂ ಹ್ವಾದ್ಲು." ನಾನು ಅವಳ ಮಾತು ಹೇಳಿದೆ. ಅವನು ವೈರು ಕೈಯಲ್ಲಿ ಹಿಡಿದೇ ನೆಲಕ್ಕೆ ಕೂತ. "ಎಷ್ಟನೇ ನಿಮಿಷಕ್ಕ?" ಎಂದ.

ಈಗ ಅವನು ಗಡಹಿಂಗ್ಲಜದಲ್ಲಿ ಆ ಮೂವತ್ತೇಳನೇ ನಿಮಿಷವನ್ನೇ ತಿರುತಿರುಗಿ ಕೇಳುತ್ತಿದ್ದಾನೆ. ಜನಕ್ಕೆ ಹಿತವಾಗಬಾರದು ಎಂದೇ ಕಟ್ಟಿದ್ದರಲ್ಲಿ ಹಿತ ಎಲ್ಲಿಂದ ನುಸುಳಿತು ಎಂದು ಅವನಿಗೆ ತಿಳಿಯುತ್ತಿಲ್ಲ. "ಆ ಜಾಗಾ ತಗೀಲೋ, ಬೆಳಸಲೋ?" ಎಂದು ನಿನ್ನೆ ಫೋನಿನಲ್ಲಿ ಕೇಳಿದ. ಮಾವಶಿ ತನ್ನ ಸಾಮಾಯಿಕದ ಹೊತ್ತಿಗೆ ಅವನ ಪೆಟ್ಟಿಗೆ ಮನೆಯೊಳಗೆ ಬರಕೂಡದು ಎಂದಿದ್ದಾಳೆ. ಹಾಗೆ ಹೇಳುವಾಗ ಅವಳು ನಗಲಿಲ್ಲ.

ಅಪ್ಪನಿಗೆ ಅವನು ತಿಂಗಳ ಕೊನೆಗೆ ಉತ್ತರ ಹೇಳಬೇಕು. ಕೊನೆಯವರೆಗೆ ಯಾರೂ ಕೂತಿಲ್ಲ, ಅದು ಖರೆ. ಆದರೆ ಬೇಸರಕ್ಕೆ ಎದ್ದ ಹದಿನೆಂಟು ಜನರ ಜೊತೆ, ಮುಗಿಯಬಾರದು ಅನಿಸಿ ಎದ್ದವಳ ಹೆಸರು ಬರೆಯಲು ನನ್ನ ಕೈ ಏಳುತ್ತಿಲ್ಲ. ಇಂಥ ಕೇಳುಗರನ್ನು ಎಲ್ಲಿ ಸೇರಿಸಬೇಕೆಂದು ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ಮೂವತ್ತೊಂದರೊಳಗೆ ಬರೆದರೆ ಒಳ್ಳೆಯದು.